ಸುರಂಗದ ನೀರು, ಆಫ್ರಿಕಾದ ಮೀನು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಭಾವನ ಮನೆ. ಜಗಲಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಹನ್ನೊಂದು ಆಫ್ರಿಕನ್ ಸಿಕ್ಲಿಡ್ ಮೀನು. ಹೆಚ್ಚಿನವು ಯೆಲ್ಲೋ ಲ್ಯಾಬ್, ಹಣ್ಣಾದ ನಿಂಬೆಯ ಬಣ್ಣ. ಕಳೆದ ಜುಲೈಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಫೋನು. "ಒಂಬತ್ತು ಹೋಯ್ತು ಮಾರಾಯ. ಎರಡು ಮೇಲೆ ಬಂದು ಬಾಯಿ ಬಿಡ್ತಾ ಉಂಟು."

ನಾನು ಹೋಗಿ ಮುಟ್ಟುವಾಗ ತೀರ್ಪು ಆಗಿಬಿಟ್ಟಿತ್ತು. ಹಿಂದಿನ ದಿನ ಬಂದ ನೆಂಟರು ತೊಟ್ಟಿಯೆದುರು ನಿಂತು "ಎಷ್ಟು ಚಂದ" ಅಂದಿದ್ದರಂತೆ. ಅತ್ತೆಯ ಪ್ರಕಾರ ಅದು ದೃಷ್ಟಿ. ಪಕ್ಕದ ಮನೆಯವರದ್ದು ಇನ್ನೊಂದು ಲೆಕ್ಕ: ಮನೆಗೆ ಬರುವ ಕಂಟಕವನ್ನು ಮೀನು ತಾನು ತೆಗೆದುಕೊಂಡು ಸಾಯುತ್ತದೆ, ಬೇಸರ ಬೇಡ, ಹೊಸತು ತಂದು ಬಿಡಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದೇ ನೀರಿಗೆ ಹೊಸ ಮೀನು ಬಿಟ್ಟರೆ ಅದೂ ಸಾಯುತ್ತದೆ. ಆಗ ಕಂಟಕ ಎರಡು ಸಲ ಕಳೆಯಿತು ಅಂತಲೋ?

ಸಂಶಯಪಡಲು ನಮ್ಮೂರಲ್ಲಿ ಕಾರಣಗಳಿಗೆ ಬರವಿಲ್ಲ. ಜುಲೈ ಅಂದರೆ ಅಡಿಕೆಗೆ ಮದ್ದು ಬಿಡುವ ಕಾಲ. ಬೋರ್ಡೋ ಮದ್ದಿನ ಮೈಲುತುತ್ತಿನಲ್ಲಿ ತಾಮ್ರ ಇದೆ. ನಮ್ಮಂಥ ಮೆದು ನೀರಿನಲ್ಲಿ ಮೀನಿನ ಕಿವಿರಿಗೆ ಅದು ಜಾಸ್ತಿಯೇ ವಿಷ. ಆದರೆ ಭಾವನಲ್ಲಿ ಮದ್ದು ಬಿಟ್ಟು ಮೂರು ವಾರ ಕಳೆದಿತ್ತು, ತೊಟ್ಟಿಯ ಬಕೆಟೂ ಬೇರೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದುಂಟು, ಇದು ಗುಡ್ಡವನ್ನು ಅಡ್ಡಕ್ಕೆ ಕೊರೆದು ತೆಗೆದ ಸುರಂಗದ ನೀರು. ಕರೆಂಟು ಹೋಗಿ ಗಾಳಿಯ ಪಂಪು ನಿಂತಿತೋ ಅಂದರೆ ಆ ರಾತ್ರಿ, ಆಶ್ಚರ್ಯ, ಕರೆಂಟು ಇತ್ತು. ಹೊಟ್ಟೆ ಉಬ್ಬರದ ರೋಗ ಒಂದೇ ರಾತ್ರಿಗೆ ಒಂಬತ್ತನ್ನು ಒಯ್ಯುವುದಿಲ್ಲ.

"ನಿನ್ನೆ ಎಂತ ಮಾಡಿದ್ದು ಭಾವ?"

"ಎಂತದೂ ಇಲ್ಲ. ಪಟ್ಟಿ ಅದ್ದಿ ನೋಡಿದೆ, ಪಿಎಚ್ ಆರು. ಈ ಮೀನಿಗೆ ಎಂಟು ಬೇಕಲ್ಲ? ಅರ್ಧ ನೀರು ಬದಲಿಸಿ ಮೂರು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದೆ."

ಸಿಕ್ಕಿತು.

ಪಿಎಚ್ ಅಂದರೆ ನೀರಿನ ಹುಳಿ-ಕ್ಷಾರದ ಅಳತೆ: ಏಳಕ್ಕಿಂತ ಕೆಳಗಾದರೆ ಹುಳಿ, ಮೇಲಾದರೆ ಕ್ಷಾರ. ಈ ಮೀನಿನ ತವರು ಆಫ್ರಿಕಾದ ಮಲಾವಿ ಸರೋವರ. ಅಲ್ಲಿಗೆ ಬಂದು ಸೇರುವ ನೀರಿನ ಬಹುಪಾಲು ಆವಿಯಾಗಿಯೇ ಹೋಗುತ್ತದೆ, ಲವಣ ಉಳಿಯುತ್ತದೆ. ಹಾಗಾಗಿ ನೀರು ಕ್ಷಾರದ ಕಡೆಗೆ, ಪಿಎಚ್ 8ರ ಆಸುಪಾಸು. ನಮ್ಮದು ಪೂರ್ತಿ ಉಲ್ಟಾ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿದು ಸುರಿದು ಗುಡ್ಡದೊಳಗಿನ ಸುಣ್ಣದಂಶವನ್ನೆಲ್ಲ ಯಾವತ್ತೋ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದೇ ನಮ್ಮ ಕೆಂಪು ಮುರಕಲ್ಲು. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಕಡಿದು ಗೋಡೆ ಕಟ್ಟುವುದನ್ನು ನೋಡಿ, 1807ರ ತನ್ನ ಪುಸ್ತಕದಲ್ಲಿ ಬರೆದ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮವರು ಜಂಬಿಟ್ಟಿಗೆ ಅನ್ನುವುದೂ ಅದನ್ನೇ ಅಲ್ವಾ? ಆ ಕಲ್ಲಿನ ಹೊಟ್ಟೆ ಕೊರೆದು ತೆಗೆದ ಸುರಂಗದಿಂದ ಬರುವ ನೀರು ಕುಡಿಯಲು ಸಿಹಿ, ಸಾಬೂನಿಗೆ ಒಳ್ಳೆ ನೊರೆ. ಆದರೆ ಅದಕ್ಕೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು.

ಹುಳಿ ಎಲ್ಲಿಂದ ಬಂತು? ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೇಟ್ ಮಾಡುತ್ತವೆ. ಮಣ್ಣಿನಲ್ಲಿ ಇಂಥವು ಇವೆ, ಅಮೋನಿಯವೇ ಇವುಗಳ ಊಟ ಅಂತ 1890ರ ಸುಮಾರಿಗೆ ತೋರಿಸಿಕೊಟ್ಟವನು ರಷ್ಯಾದ ವಿನೋಗ್ರಾಡ್ಸ್ಕಿ. ಈ ಊಟದ ಬಿಲ್ಲು ಮಾತ್ರ ನೀರಿನ ಖಾತೆಗೆ. ಅಮೋನಿಯದ 1 ಗ್ರಾಂ ಸಾರಜನಕ ಮುಗಿಯುವಾಗ ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ಸೊಸೈಟಿಯಲ್ಲಿ ದೊಡ್ಡ ಠೇವಣಿ ಇದ್ದವನಿಗೆ ಇದು ಗೊತ್ತೇ ಆಗುವುದಿಲ್ಲ. ಸುರಂಗದ ನೀರಿನ ಪಾಸ್‌ಬುಕ್ಕಿನಲ್ಲಿ ಇರುವುದೇ ನಾಲ್ಕು ಕಾಸು. ಖಾತೆ ಖಾಲಿಯಾಗುತ್ತಿದ್ದಂತೆ ಪಿಎಚ್ ಜಾರುತ್ತದೆ, 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸವನ್ನೇ ಹೆಚ್ಚುಕಮ್ಮಿ ನಿಲ್ಲಿಸುತ್ತವೆ. ಅಮೋನಿಯ ರಾಶಿ ಬೀಳುತ್ತದೆ. ತಮಾಷೆಯೆಂದರೆ, ಮೀನು ಸೊರಗಬಹುದು, ಆದರೆ ಸಾಯುವುದಿಲ್ಲ.

ಯಾಕೆ? ಇದನ್ನು ನಾನು ಯಾರಿಗೆ ಬೇಕಾದರೂ ಎಷ್ಟು ಸಲ ಬೇಕಾದರೂ ಹೇಳಲು ತಯಾರು. ತೋಟದ ಬೇಲಿಯ ತಡಮೆ ನೆನಪು ಮಾಡಿಕೊಳ್ಳಿ. ಬರಿಗೈಯವನು ಸಲೀಸಾಗಿ ದಾಟುತ್ತಾನೆ. ತಲೆಯ ಮೇಲೆ ಅಡಿಕೆ ಮೂಟೆ ಇದ್ದವನು ಆಚೆಯೇ ನಿಲ್ಲುತ್ತಾನೆ. ಬರಿ ಅಮೋನಿಯ ಕಿವಿರಿನ ತೆಳು ಪೊರೆಯನ್ನು ದಾಟಿ ರಕ್ತಕ್ಕೆ ಹೋಗುತ್ತದೆ. ಒಂದು ಹೈಡ್ರೋಜನ್ ಅಯಾನನ್ನು ಹೊತ್ತುಕೊಂಡರೆ ಅದು ಅಮೋನಿಯಂ. ಮೈಮೇಲೆ ವಿದ್ಯುದಂಶ ಇರುವುದರಿಂದ ಸುಲಭಕ್ಕೆ ದಾಟಲಾರದು. ಹುಳಿ ನೀರೆಂದರೆ ಎಲ್ಲಿ ನೋಡಿದರೂ ಮೂಟೆಗಳೇ ಬಿದ್ದಿರುವ ಅಂಗಳ, ಪ್ರತಿಯೊಬ್ಬನ ತಲೆಗೂ ಒಂದೊಂದು. ಸೋಡಾ ಹಾಕಿದಿರೋ, ಅದು ಮೂಟೆಗಳನ್ನೆಲ್ಲ ಎತ್ತಿಕೊಂಡು ಹೋಯಿತು. ಬರಿಗೈಯಾದವರು ತಡಮೆಗೆ ನುಗ್ಗಿದರು.

ಎಷ್ಟು ಜನ? 26 ಡಿಗ್ರಿ ನೀರಿನಲ್ಲಿ, ಪಿಎಚ್ 6 ಇದ್ದಾಗ ಬರಿ ಅಮೋನಿಯ ಸಾವಿರಕ್ಕೆ ಒಂದೂ ಇಲ್ಲ. 8ಕ್ಕೆ ಬಂದಾಗ ನೂರಕ್ಕೆ ಸುಮಾರು ಆರು. ಹತ್ತಿರಹತ್ತಿರ ನೂರು ಪಟ್ಟು. ಆರರಿಂದ ಎಂಟಕ್ಕೆ ಬರೀ ಎರಡೇ ಅಲ್ವಾ ಅಂತ ಭಾವ ಕೇಳಿದ. ಪಿಎಚ್ ಮೋಸ ಮಾಡುವುದೇ ಅಲ್ಲಿ. 1909ರಲ್ಲಿ ಕೋಪನ್‌ಹೇಗನ್ನಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಸೋರೆನ್‌ಸನ್ ಈ ಅಳತೆ ಮಾಡಿದ್ದು, ಉದ್ದುದ್ದ ಸೊನ್ನೆ ಬರೆಯುವ ರಗಳೆ ತಪ್ಪಲಿ ಅಂತ. ಒಂದೊಂದು ಮೆಟ್ಟಿಲಿಗೆ ಹತ್ತು ಪಟ್ಟು. ನೀರು ಬದಲಿಸಿದ್ದರಿಂದ ಅಮೋನಿಯ ಅರ್ಧ ಆದದ್ದು ಹೌದು. ನೂರು ಪಟ್ಟು ಏರಿದ ಮೇಲೆ ಅರ್ಧ ಇಳಿದರೆ ಎಂತ ಆಯ್ತು?

ಅಮೋನಿಯ ಪರೀಕ್ಷೆಯ ನನ್ನ ಡಬ್ಬಿಯಿಂದ ತೊಟ್ಟಿಯ ನೀರಿಗೆ ಹನಿ ಹಾಕಿ ನೋಡಿದೆವು. ಗಾಜಿನ ನಳಿಕೆಯಲ್ಲಿ ತೆಳು ಹಳದಿ ಕಾಣಬೇಕಾದದ್ದು ಕಾಡುಹಸಿರಾಯಿತು. ಬಣ್ಣದ ಚೀಟಿಯ ಕಟ್ಟಕಡೆಯ ಚೌಕ, ಲೀಟರಿಗೆ 8 ಮಿಲಿಗ್ರಾಂ. ಭಾವ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಸತ್ತವುಗಳ ಕಿವಿರಿನ ಮುಚ್ಚಳ ಅಗಲವಾಗಿ ತೆರೆದೇ ಇತ್ತು.

ಬದುಕಿದ್ದ ಎರಡನ್ನು ಕೂಡಲೇ ಬಕೆಟ್ಟಿಗೆ ಹಾಕಿದೆವು. ಹೊಸ ಸುರಂಗದ ನೀರು, ಚಿಟಿಕೆ ಸೋಡಾ, ಗಾಳಿಯ ಪಂಪು. ಅಮೋನಿಯವೇ ಇಲ್ಲದ ನೀರಿನಲ್ಲಿ ಸೋಡಾ ಪಾಪದ್ದು. ಒಂದು ಮಧ್ಯಾಹ್ನ ಹೋಯಿತು, ಒಂದು ಉಳಿಯಿತು. ತೊಟ್ಟಿಯ ನೀರನ್ನು ಪೂರ್ತಿ ತೆಗೆದರೂ ಸ್ಪಂಜನ್ನು ಮಾತ್ರ ಒಣಗಲು ಬಿಡಲಿಲ್ಲ. ಬ್ಯಾಕ್ಟೀರಿಯಾ ಇರುವುದು ಅದರಲ್ಲಿ.

ಠೇವಣಿಗೆ ಭಾವ ಕುಂಬಳೆ ಕಡೆಯಿಂದ ಒಂದು ಚೀಲ ಮರುವಾಯಿ ಚಿಪ್ಪು ತಂದ. ತೊಳೆದು, ಒಡೆದು, ಹಳೆಯ ಕಾಲುಚೀಲದಲ್ಲಿ ತುಂಬಿ ಫಿಲ್ಟರಿನೊಳಗೆ ಇಟ್ಟೆವು. ನೀರು ಹುಳಿಯಾದಷ್ಟೇ ಚಿಪ್ಪು ಕರಗುತ್ತದೆ, ಹುಳಿ ಇಲ್ಲದಾಗ ಸುಮ್ನೆ ಕೂತಿರುತ್ತದೆ. ಎಲೆಗೆ ಹಚ್ಚುವ ಸುಣ್ಣ ಆಗದೋ ಅಂತ ಕೇಳಿದ. ಆಗದು, ಅದು ಪಿಎಚ್ಚನ್ನು ಒಂದೇ ಏಟಿಗೆ ಆಕಾಶಕ್ಕೆ ಏರಿಸುತ್ತದೆ. ಇನ್ನು ಮುಂದೆ ಪಟ್ಟಿ ಆರು ತೋರಿಸಿದರೆ ಸೋಡಾ ಡಬ್ಬಿ ಮುಟ್ಟುವ ಮೊದಲು ಅಮೋನಿಯ ನೋಡಬೇಕು. ಇದ್ದರೆ ಸುರಂಗದ ನೀರನ್ನೇ ದಿನಾ ಸ್ವಲ್ಪಸ್ವಲ್ಪ ಬದಲಿಸುತ್ತಾ ಮೊದಲು ಅದನ್ನು ಇಳಿಸಬೇಕು.

ಹೊರಡುವಾಗ ಅತ್ತೆ ತೊಟ್ಟಿಯ ಮುಚ್ಚಳಕ್ಕೆ ಒಂದು ನಿಂಬೆಹಣ್ಣು ಕಟ್ಟುತ್ತಿದ್ದರು. ನಾನು ಏನೂ ಹೇಳಲಿಲ್ಲ. ಗಂಟು ಬಿಗಿಯಾಗಿದೆಯೋ ಅಂತ ಮಾತ್ರ ಎಳೆದು ನೋಡಿದೆ. ನೀರಿಗೆ ಬಿದ್ದರೆ ಮತ್ತೆ ಹುಳಿ.