ಅಕ್ಷರ ಬರುವ ಮೊದಲೇ ಲೋಗೊ ಬರುತ್ತದೆ

ಬೆಂಗಳೂರಿನ ವಿಜಯನಗರದ ನನ್ನ ಕ್ಲಿನಿಕ್‌ಗೆ ಅಜ್ಜಿಯೊಬ್ಬರು ನಾಲ್ಕೂವರೆ ವರ್ಷದ ಮೊಮ್ಮಗನನ್ನು ಕರೆತಂದಿದ್ದರು. "ಉಪ್ಪಿಟ್ಟು ಅಂದ್ರೆ ಓಡ್ತಾನೆ, ಮುದ್ದೆ ಅಂದ್ರೆ ಅಳ್ತಾನೆ ಮೇಡಂ. ಬರ್ಗರ್ ಅಂದ್ರೆ ಮಾತ್ರ ಕುಣೀತಾನೆ." ಇದುವರೆಗೆ ಎಷ್ಟು ಸಲ ಬರ್ಗರ್ ತಿಂದಿದ್ದಾನೆ ಎಂದು ಕೇಳಿದೆ. ಅವರು ಯೋಚಿಸಿ, "ಎರಡೇ ಸಲ" ಎಂದರು. ಎರಡನೇ ಸಲ ಅರ್ಧ ಬಿಟ್ಟಿದ್ದನಂತೆ. ಜೊತೆಗೆ ಕೊಟ್ಟ ಆಟದ ಕಾರನ್ನು ಮಾತ್ರ ರಾತ್ರಿ ಮಲಗುವಾಗಲೂ ಕೈಯಲ್ಲಿ ಹಿಡಿದುಕೊಂಡಿದ್ದನಂತೆ.

ನಾವು ಮಾತಾಡುತ್ತಿದ್ದಾಗ ಅವನು ಮೇಜಿನ ಮೇಲಿದ್ದ ಪತ್ರಿಕೆಯಲ್ಲಿ ಒಂದು ಪಿಜ್ಜಾ ಕಂಪನಿಯ ಗುರುತಿನ ಮೇಲೆ ಬೆರಳಿಟ್ಟು ಅದರ ಹೆಸರು ಹೇಳಿದ. ಅ, ಆ ಇನ್ನೂ ತಿದ್ದದ ಮಗು. ಎರಡು ಸಲ ತಿಂದು, ಅದರಲ್ಲೂ ಅರ್ಧ ಬಿಟ್ಟವನಿಗೆ ಇಷ್ಟು ಆಸೆ ಬಂದದ್ದು ಎಲ್ಲಿಂದ?

ಆ ವಯಸ್ಸಿನಲ್ಲಿ ಕಾರ್ಟೂನ್ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಒಂದೆರಡು ವರ್ಷ ಕಳೆದರೆ ಅದನ್ನು ಗುರುತು ಹಿಡಿಯುತ್ತಾರೆ. ಆದರೆ 'ಇವರು ನನಗೆ ಏನನ್ನೋ ಮಾರಬೇಕು, ಅದಕ್ಕೇ ಇಷ್ಟು ಚೆನ್ನಾಗಿ ತೋರಿಸುತ್ತಿದ್ದಾರೆ' ಎಂಬ ತಿಳಿವಳಿಕೆ ಮೂಡಲು ಏಳೆಂಟು ವರ್ಷವಾದರೂ ಆಗಬೇಕು. ಅಲ್ಲಿಯವರೆಗೆ ಪರದೆಯ ಮೇಲೆ ನಗುವ ಅಂಕಲ್ ಹೇಳಿದ ಮಾತು ಅಜ್ಜಿ ಹೇಳಿದ ಕಥೆಯಷ್ಟೇ ನಿಜ. ಇದನ್ನೇ ಕಾರಣವಾಗಿಟ್ಟು ಅಮೆರಿಕದ ಮನೋವಿಜ್ಞಾನ ಸಂಘದ ತಜ್ಞರ ಸಮಿತಿ 2004ರಲ್ಲಿ, ಎಂಟು ವರ್ಷದೊಳಗಿನವರನ್ನು ಗುರಿಯಾಗಿಸುವ ಜಾಹೀರಾತಿಗೆ ಕಡಿವಾಣ ಹಾಕಬೇಕೆಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಂತೂ 13 ವರ್ಷದೊಳಗಿನವರಿಗೆ ಜಾಹೀರಾತು ತೋರಿಸುವುದಕ್ಕೆ 1980ರಿಂದಲೇ ನಿಷೇಧವಿದೆ.

ಪೋಷಕರಿಗೆ ನಾನು ಮತ್ತೆ ಮತ್ತೆ ಹೇಳುವ ಒಂದು ಪ್ರಯೋಗವಿದೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಮೂರರಿಂದ ಐದು ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ರೀತಿ ಕೊಟ್ಟರು: ಒಂದು ಮೆಕ್‌ಡೊನಾಲ್ಡ್ಸ್ ಹೆಸರಿರುವ ಕಾಗದದಲ್ಲಿ, ಇನ್ನೊಂದು ಏನೂ ಬರೆಯದ ಕಾಗದದಲ್ಲಿ. ಹೆಸರಿದ್ದದ್ದೇ ಹೆಚ್ಚು ರುಚಿ ಎಂದ ಮಕ್ಕಳೇ ಹೆಚ್ಚು. ತಿಂಡಿಯ ಪೈಕಿ ಕ್ಯಾರೆಟ್ಟೂ ಇತ್ತು, ಹಾಲೂ ಇತ್ತು. ಅಂಗಡಿಯಿಂದ ತಂದ ಸಾಮಾನ್ಯ ಕ್ಯಾರೆಟ್, ಕಾಗದ ಬದಲಾದ ಕೂಡಲೇ ಮಗುವಿನ ಬಾಯಲ್ಲಿ ರುಚಿಯಾಯಿತು. ಮನೆಯಲ್ಲಿ ಟಿವಿಗಳು ಹೆಚ್ಚಿದ್ದ ಮಕ್ಕಳಲ್ಲಿ ಈ ಪರಿಣಾಮವೂ ಹೆಚ್ಚು. ಮಗು ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೆ ನಿಜವಾಗಿಯೂ ಹಾಗೆ ಅನಿಸಿತ್ತು. ಹಾಗಾಗಿ ಇಂಥ ಮಕ್ಕಳನ್ನು ಯಾರಾದರೂ 'ಹಠಮಾರಿ' ಎಂದರೆ ನನಗೆ ಸಂಕಟವಾಗುತ್ತದೆ.

ದೊಡ್ಡ ಮಕ್ಕಳ ಮೇಲೆ ಕೆಲಸ ನಡೆಯುವುದು ಇನ್ನೊಂದು ಬಗೆಯಲ್ಲಿ. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಏಳರಿಂದ ಹನ್ನೊಂದು ವರ್ಷದವರಿಗೆ ಕಾರ್ಟೂನ್ ತೋರಿಸಿ, ಪಕ್ಕದಲ್ಲಿ ಕುರುಕಲು ಇಟ್ಟರು. ನಡುವೆ ತಿಂಡಿಯ ಜಾಹೀರಾತು ನೋಡಿದ ಮಕ್ಕಳು, ಬೇರೆ ಜಾಹೀರಾತು ನೋಡಿದವರಿಗಿಂತ ಶೇ. 45ರಷ್ಟು ಹೆಚ್ಚು ತಿಂದರು. ಬಟ್ಟಲಲ್ಲಿದ್ದ ಕುರುಕಲು ಜಾಹೀರಾತಿನಲ್ಲಿ ಬಂದದ್ದಲ್ಲ. ಅಂದರೆ ಕಂಪನಿಯ ತಿಂಡಿ ಮನೆಗೆ ಬಾರದಿದ್ದರೂ ಜಾಹೀರಾತು ಮಗುವಿನ ಕೈಯನ್ನು ಡಬ್ಬಿಯ ಕಡೆಗೆ ಕರೆದೊಯ್ಯುತ್ತದೆ.

ಬೆಂಗಳೂರು ಈ ವಿಷಯದಲ್ಲಿ ಹಳಬ ಊರು. ದೇಶದ ಮೊದಲ ಕೆಎಫ್‌ಸಿ ತೆರೆದದ್ದು 1995ರಲ್ಲಿ, ನಮ್ಮ ಬ್ರಿಗೇಡ್ ರಸ್ತೆಯಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಅದನ್ನು ವಿರೋಧಿಸಿ ಬೀದಿಗಿಳಿಯಿತು. ಆಗ ವಿರೋಧಿಸುವವರಿಗೆ ಒಂದು ವಿಳಾಸವಿತ್ತು, ಒಂದು ಬಾಗಿಲಿತ್ತು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ನಗರದ ಫ್ಲೆಕ್ಸುಗಳೂ ಇಳಿದವು. ಈಗ ಜಾಹೀರಾತು ಊಟದ ಹೊತ್ತಿನಲ್ಲಿ ನಾವೇ ಮಗುವಿನ ಕೈಗೆ ಕೊಡುವ ಫೋನಿನೊಳಗಿದೆ.

ಕಾನೂನು ಇಲ್ಲವೆಂದಲ್ಲ. 2022ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಮಕ್ಕಳ ಚಾನೆಲ್‌ನಲ್ಲಿ, ಮಕ್ಕಳ ಕಾರ್ಯಕ್ರಮದ ನಡುವೆ ಚಿಪ್ಸ್, ತಂಪು ಪಾನೀಯದಂಥ ಜಂಕ್ ಫುಡ್ ಜಾಹೀರಾತು ಹಾಕುವಂತಿಲ್ಲ. ಆದರೆ ಕ್ರಿಕೆಟ್ ಮಕ್ಕಳ ಕಾರ್ಯಕ್ರಮವಲ್ಲ. ಆರ್‌ಸಿಬಿ ಮ್ಯಾಚ್ ಇದ್ದ ಸಂಜೆ ಈ ಊರಿನ ಯಾವ ಮಗು ಕಾರ್ಟೂನ್ ನೋಡುತ್ತದೆ? ಅಪ್ಪನ ತೊಡೆಯ ಮೇಲೆ ಕೂತು, ಓವರ್ ಮುಗಿದಾಗಲೆಲ್ಲ ಚೀಸ್ ಎಳೆ ಎಳೆಯಾಗಿ ಬರುವುದನ್ನು ನೋಡುತ್ತದೆ. ಅಪ್ಪ ಖುಷಿಯಲ್ಲಿದ್ದಾನೆ, ಮನೆ ತುಂಬ ಗಲಾಟೆ, ಅದೇ ಹೊತ್ತಿಗೆ ಈ ತಿಂಡಿ. ಮೂರೂ ಮಗುವಿನ ಮನಸ್ಸಿನಲ್ಲಿ ಒಂದೇ ಗಂಟಾಗುತ್ತವೆ. ಆ ಗಂಟನ್ನು ಬಿಗಿ ಮಾಡುವವರು ನಾವು: "ಚೆನ್ನಾಗಿ ಮಾರ್ಕ್ಸ್ ತೆಗೆದ್ರೆ ಪಿಜ್ಜಾ", "ಇಂಜೆಕ್ಷನ್‌ಗೆ ಅಳದಿದ್ರೆ ಬರ್ಗರ್". ನನ್ನ ಕೋಣೆಯಲ್ಲೇ, ನನ್ನೆದುರೇ ಎಷ್ಟೋ ಸಲ ಈ ಮಾತು ಕೇಳಿದ್ದೇನೆ. ಜಾಣತನಕ್ಕೂ ಧೈರ್ಯಕ್ಕೂ ಸಿಗುವ ಬಹುಮಾನ ಅದು ಎಂದು ಹೆತ್ತವರೇ ಹೇಳಿದ ಮೇಲೆ ಪಲ್ಯಕ್ಕೆ ಯಾವ ಮರ್ಯಾದೆ ಉಳಿಯಿತು?

"ನಾವೂ ಬಜ್ಜಿ ಬೋಂಡ ತಿಂದೇ ಬೆಳೆದವರಲ್ವಾ ಡಾಕ್ಟ್ರೇ?" ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಎಣ್ಣೆ ಅದರಲ್ಲೂ ಇದೆ, ಉಪ್ಪೂ ಇದೆ, ಅದನ್ನು ಒಳ್ಳೆಯ ತಿಂಡಿ ಎಂದು ನಾನು ಹೇಳಲಾರೆ. ಆದರೆ ಬೀದಿ ತುದಿಯ ಬಜ್ಜಿ ಅಂಗಡಿಯವರು ಮಗು ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಬಂದು ಆಟಿಕೆ ತೋರಿಸುತ್ತಿರಲಿಲ್ಲ.

ಎಂಟು ದಾಟಿದ ಮಕ್ಕಳಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಒಂದು ಮ್ಯಾಚ್ ಮುಗಿಯುವಷ್ಟರಲ್ಲಿ ತಿಂಡಿಯ ಜಾಹೀರಾತು ಎಷ್ಟು ಬಂತು, ಗೀಟು ಹಾಕಿ ಎಣಿಸಬೇಕು. ಒಬ್ಬಳು ಹುಡುಗಿ ಎರಡು ಗೆರೆಯ ಪುಸ್ತಕದ ಹಾಳೆ ತುಂಬ ಗೀಟು ಹಾಕಿ ತಂದು, "ಡಾಕ್ಟರ್ ಆಂಟಿ, ಅವರು ಕಚ್ಚೋದು ತೋರಿಸ್ತಾರೆ, ನುಂಗೋದು ತೋರಿಸೋದೇ ಇಲ್ಲ, ಯಾಕೆ?" ಎಂದಳು. ಇಂಥ ಪ್ರಶ್ನೆ ಕೇಳುವ ವಯಸ್ಸಿನವರ ಜೊತೆ ಕೂತು ಮಾತಾಡಬಹುದು. ಅದಕ್ಕಿಂತ ಚಿಕ್ಕವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ, ಜಾಹೀರಾತನ್ನೇ ಕಣ್ಣಿನಿಂದ ದೂರವಿಡಬೇಕು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯ ಮಾರಾಟ, ಜಾಹೀರಾತು ಎರಡೂ ಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಪೋಷಕರ ಸಭೆಯಲ್ಲಿ ಅದನ್ನು ಎತ್ತಿ ಕೇಳಿ. ದಾರಿ ತಪ್ಪಿಸುವ ಜಾಹೀರಾತು ಕಂಡರೆ ಗ್ರಾಹಕರ ಸಹಾಯವಾಣಿ 1915 ಇದೆ.

ಆ ಅಜ್ಜಿಗೆ ನಾನು ಹೇಳಿದ್ದು ಎರಡೇ. ಊಟದ ಹೊತ್ತಿಗೆ ಫೋನ್ ಬೇಡ, ಅಡುಗೆಯ ಕೆಲಸಕ್ಕೆ ಅವನನ್ನೂ ಕೂರಿಸಿಕೊಳ್ಳಿ. ಹೊಸ ರುಚಿ ಒಪ್ಪಲು ಮಗುವಿಗೆ ಹತ್ತು ಹದಿನೈದು ಸಲ ಬೇಕಾಗಬಹುದು, ಬೇಸರಿಸಬೇಡಿ ಎಂದೂ ಸೇರಿಸಿದೆ. ಅವರೆಕಾಯಿ ಕಾಲದಲ್ಲಿ ಇಬ್ಬರೂ ಮತ್ತೆ ಬಂದರು. ನೆನೆಸಿದ ಕಾಳನ್ನು ಅವನೇ ಹಿತುಕಿ, ಆ ಹಿತಕಿದ ಬೇಳೆ ಸಾರಿನಲ್ಲಿ ಅರ್ಧ ಮುದ್ದೆ ತಿಂದನಂತೆ. ಬರ್ಗರ್ ಕೇಳುವುದು ಬಿಟ್ಟನಾ ಎಂದೆ. "ಎಲ್ಲಿ ಬಿಡ್ತಾನೆ ಮೇಡಂ, ಕೇಳ್ತಾನೆ. ಮೊದಲು ದಿನಾ ಕೇಳ್ತಿದ್ದ, ಈಗ ಮ್ಯಾಚ್ ಇದ್ದ ದಿನ ಮಾತ್ರ."