ಯಂತ್ರದ ಒಂದು ಗಂಟೆಗೆ ಎಷ್ಟು ಖರ್ಚು?

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಜೊತೆಗೆ ಅರ್ಥಶಾಸ್ತ್ರವನ್ನೂ ಸೇರಿಸಿ ಸ್ನಾತಕೋತ್ತರ ಓದಿಗೆ ಬರುವ ಮಕ್ಕಳು ಗಣಿತದಲ್ಲಿ ಗಟ್ಟಿ. ಲೀನಿಯರ್ ಪ್ರೋಗ್ರಾಮಿಂಗ್ (ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭದ ಯೋಜನೆ ಹುಡುಕುವ ಗಣಿತ) ಗೊತ್ತು, ಕೋಡ್ ಬರೆಯುತ್ತಾರೆ, ಸಾವಿರಾರು ವೇರಿಯಬಲ್ ಇರುವ ಮಾಡೆಲನ್ನು ಸಾಲ್ವರ್‌ಗೆ, ಅಂದರೆ ಅದನ್ನು ಬಿಡಿಸುವ ತಂತ್ರಾಂಶಕ್ಕೆ, ಹಾಕಿ ಉತ್ತರ ತೆಗೆಯುತ್ತಾರೆ. ಆದರೆ ಥೀಸಿಸ್‌ನ ಮೊದಲ ಕರಡು ಕೈಗೆ ಬಂದಾಗ ನಾನು ಮೊದಲು ತಿರುಗಿಸುವುದು ಇನ್‌ಪುಟ್ ಟೇಬಲ್ ಇರುವ ಪುಟಕ್ಕೆ. ಯಂತ್ರದ ಒಂದು ಗಂಟೆಗೆ ಎಷ್ಟು ಖರ್ಚು ಹಾಕಿದ್ದಾರೆ? ಆ ಸಂಖ್ಯೆ ಎಲ್ಲಿಂದ ಬಂತು? ಬಹಳ ಸಲ ಸಿಗುವ ಉತ್ತರ ಒಂದೇ: ‘ಕಂಪನಿಯ ಅಕೌಂಟ್ಸ್‌ನವರು ಕೊಟ್ಟರು, ಮೇಡಂ.’

ಕೆಲಸ ಕೆಡುವುದು ಅಲ್ಲೇ. ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಪ್ರತಿ ಬ್ಯಾಚೂ ಇದೇ ತಪ್ಪು ಮಾಡುತ್ತದೆ. ಅದಕ್ಕೇ ಇಲ್ಲಿ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಅಕೌಂಟ್ಸ್‌ನವರ ದರದಲ್ಲಿ ಕಟ್ಟಡದ ಬಾಡಿಗೆ, ಸವಕಳಿ, ಸೂಪರ್‌ವೈಸರ್ ಸಂಬಳ ಎಲ್ಲವೂ ಸೇರಿರುತ್ತವೆ. ಒಟ್ಟು ಮೊತ್ತವನ್ನು ಯಂತ್ರ ಓಡಿದ ಗಂಟೆಗಳಿಂದ ಭಾಗಿಸಿರುತ್ತಾರೆ. ಅದು ತಪ್ಪಲ್ಲ. ದಾಸ್ತಾನಿನ ಬೆಲೆ ಕಟ್ಟಲು, ವರ್ಷದ ಲೆಕ್ಕಪತ್ರಕ್ಕೆ ಅದು ಬೇಕು. ಆದರೆ ಮಾಡೆಲ್‌ಗೆ ಬೇಕಾದದ್ದು ಬೇರೆ. ಈ ಒಂದು ವಸ್ತು ತಯಾರಿಸಿದರೆ ಹೊಸದಾಗಿ ಎಷ್ಟು ಹಣ ಹೊರಗೆ ಹೋಗುತ್ತದೆ, ಏನನ್ನು ಬಿಟ್ಟುಕೊಡಬೇಕಾಗುತ್ತದೆ? ಅಷ್ಟೇ.

ಒಂದು ಯಂತ್ರದ ದರ ಗಂಟೆಗೆ 400 ಎಂದಿಟ್ಟುಕೊಳ್ಳಿ. ‘ಅ’ ಎಂಬ ವಸ್ತು 1,000ಕ್ಕೆ ಮಾರಾಟವಾಗುತ್ತದೆ. ಕಚ್ಚಾ ಮಾಲು, ಕರೆಂಟು ಸೇರಿ 500 ಖರ್ಚು. ಯಂತ್ರದ ಮೇಲೆ 2 ಗಂಟೆ ಬೇಕು. ವಿದ್ಯಾರ್ಥಿಯ ಲೆಕ್ಕದಲ್ಲಿ 1,000ದಿಂದ 500 ಹೋಯಿತು, ಮತ್ತೆ 800 ಹೋಯಿತು, 300 ನಷ್ಟ. ಮಾಡೆಲ್ ‘ಅ’ವನ್ನು ಕೈಬಿಡುತ್ತದೆ.

ಆದರೆ ಯಂತ್ರ ಸುಮ್ನೆ ನಿಂತಿದ್ದರೆ? ಬಾಡಿಗೆ, ಸಂಬಳ ಹೇಗಿದ್ದರೂ ಕೊಡಲೇಬೇಕು. ಒಂದು ‘ಅ’ ತಯಾರಿಸಿದರೆ 500 ಕೈಗೆ ಬರುತ್ತದೆ. ಆ ದಿನ ಯಂತ್ರದ ಗಂಟೆಯ ಖರ್ಚು ಸೊನ್ನೆ. ಈಗ ‘ಬ’ ಎಂಬ ಇನ್ನೊಂದು ವಸ್ತು ಬಂತು. ಗಂಟೆಗೆ 300 ಉಳಿಸಿಕೊಡುತ್ತದೆ, ಯಂತ್ರ ತುಂಬುವಷ್ಟು ಬೇಡಿಕೆಯೂ ಇದೆ. ಆಗ ‘ಅ’ಗೆ 2 ಗಂಟೆ ಕೊಟ್ಟರೆ 500 ಪಡೆಯಲು 600 ಬಿಟ್ಟಂತಾಯಿತು, ಮಾಡಬಾರದು. ಈಗ ಗಂಟೆಯ ಖರ್ಚು 300. ‘ಬ’ಗೆ ಬೇಡಿಕೆ ಅರ್ಧ ದಿನಕ್ಕೆ ಮುಗಿದು, ಉಳಿದ ಹೊತ್ತೆಲ್ಲ ‘ಅ’ ಓಡುತ್ತಿದ್ದರೆ? ಒಂದು ಗಂಟೆ ತಪ್ಪಿದರೆ ಹೋಗುವುದು ‘ಅ’ದ ಗಳಿಕೆ, ಅಂದರೆ 250. ಸೊನ್ನೆ, 300, 250. ಮೂರೂ ಸಲ ಬಾಡಿಗೆ ಅದೇ, ಸಂಬಳ ಅದೇ, ಯಂತ್ರವೂ ಅದೇ. 400 ಮಾತ್ರ ಎಲ್ಲಿಯೂ ಬರಲಿಲ್ಲ, ಅಲ್ವಾ?

ಈ ಸಂಖ್ಯೆಯನ್ನು ನೀವು ಹುಡುಕಿ ತರಬೇಕಾಗಿಯೂ ಇಲ್ಲ. ಯಂತ್ರದ ಗಂಟೆಗಳ ಮಿತಿಯನ್ನು ಕನ್‌ಸ್ಟ್ರೇಂಟ್ ಆಗಿ ಬರೆದರೆ ಸಾಲ್ವರೇ ಕೊಡುತ್ತದೆ, ಅದೇ ಶ್ಯಾಡೋ ಪ್ರೈಸ್, ಅಂದರೆ ಇನ್ನೊಂದು ಗಂಟೆ ಸಿಕ್ಕರೆ ಹೆಚ್ಚುವ ಗಳಿಕೆ. ಮಿತಿಯನ್ನೂ ಬರೆದು 400ನ್ನೂ ಹಾಕುವವರು ಒಂದೇ ಗಂಟೆಗೆ ಎರಡು ಸಲ ಬಿಲ್ ಮಾಡುತ್ತಿದ್ದಾರೆ. ಲೆನಿನ್‌ಗ್ರಾಡ್‌ನ ಗಣಿತಜ್ಞ ಲಿಯೊನಿದ್ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಯವರು ಕೇಳಿದ ಪ್ರಶ್ನೆಯಿಂದ ಹೊರಟು 1939ರಲ್ಲೇ ಇದನ್ನು ಬರೆದಿಟ್ಟರು. ಯಾವ ಯಂತ್ರಕ್ಕೆ ಯಾವ ಮರ ಕೊಡಬೇಕು ಎಂಬುದು ಆ ಪ್ರಶ್ನೆ. ಯುದ್ಧದ ಹೊತ್ತಿನಲ್ಲಿ ಹಡಗುಗಳ ಓಡಾಟದ ಲೆಕ್ಕ ಮಾಡುತ್ತಿದ್ದ ಚಾಲಿಂಗ್ ಕೂಪ್‌ಮನ್ಸ್ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದರು. 1975ರಲ್ಲಿ ಇಬ್ಬರೂ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಎರಡು ವಿಭಾಗಗಳ ನಡುವೆ ಓಡಾಡುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಆದರೂ ಸಾಲ್ವರ್ ರಿಪೋರ್ಟಿನ ಶ್ಯಾಡೋ ಪ್ರೈಸ್ ಕಾಲಮ್ಮನ್ನು ಬಹಳ ಮಂದಿ ತೆರೆದೂ ನೋಡುವುದಿಲ್ಲ.

ನನಗೆ ತುಂಬಾ ಪ್ರೀತಿಯ ವಿದ್ಯಾರ್ಥಿಯೊಬ್ಬನಿದ್ದ. ಬಲು ಶ್ರದ್ಧೆ. ಅವನ ಮಾಡೆಲ್ ಮೊದಲ ಸಲ ಒಂದು ವಸ್ತುವನ್ನು ನಷ್ಟವೆಂದು ಕೈಬಿಟ್ಟಿತು. ಯಂತ್ರ ಓಡುವ ಗಂಟೆ ಕಡಿಮೆಯಾಯಿತು. ಅವನು ಪ್ರಾಮಾಣಿಕವಾಗಿ ಬಾಡಿಗೆ, ಸಂಬಳದಂಥ ಅದೇ ಓವರ್‌ಹೆಡ್ಡನ್ನು ಉಳಿದ ವಸ್ತುಗಳ ಮೇಲೆ ಹಂಚಿದ, ದರ ಏರಿತು. ಮತ್ತೆ ಓಡಿಸಿದಾಗ ಇನ್ನೊಂದು ವಸ್ತು ನಷ್ಟಕ್ಕೆ ಬಿತ್ತು. ಹೀಗೇ ಸಾಗಿ ಕೊನೆಗೆ ಮಾಡೆಲ್ ಏನನ್ನೂ ತಯಾರಿಸಬೇಡಿ ಎಂದಿತು. ಲಾಭದಲ್ಲಿ ನಡೆಯುತ್ತಿದ್ದ ಕಾರ್ಖಾನೆ ಅದು! ಕೋಡ್‌ನಲ್ಲಿ ತಪ್ಪಿದೆ ಎಂದು ಅವನು ನಿದ್ದೆಗೆಟ್ಟು ಹುಡುಕಿದ. ಕೋಡ್ ಸರಿಯಾಗಿಯೇ ಇತ್ತು. ಗಂಟೆಯ ದರದ ಸಾಲನ್ನು ಅಳಿಸಿ ಓಡಿಸು ಎಂದೆ. ಕೈಬಿಟ್ಟಿದ್ದವುಗಳಲ್ಲಿ ಹೆಚ್ಚಿನವು ವಾಪಸ್ ಬಂದವು. ಬರದೇ ಉಳಿದವು ನಿಜಕ್ಕೂ ಯಂತ್ರದ ಹೊತ್ತು ತಿನ್ನುತ್ತಿದ್ದವು. ಅವನ ಥೀಸಿಸ್‌ನ ಒಳ್ಳೆಯ ಅಧ್ಯಾಯ ಹುಟ್ಟಿದ್ದು ಅಲ್ಲಿಂದಲೇ.

ಎಲ್ಲ ಕಡೆಯೂ ಇಷ್ಟು ಅನಾಹುತ ಆಗುವುದಿಲ್ಲ ಎಂದೂ ಹೇಳಬೇಕು. ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ, ಒಂದು ಸಲಕ್ಕೆ ಎಷ್ಟು ತಯಾರಿಸಬೇಕು ಎಂದು ಹೇಳುವ ಆರ್ಡರ್ ಪ್ರಮಾಣದ ಸೂತ್ರ ಬಹಳ ಕ್ಷಮಿಸುತ್ತದೆ. ಅಲ್ಲಿ ಸೆಟಪ್ ಖರ್ಚನ್ನು (ಪ್ರತಿ ಸಲ ಯಂತ್ರ ಸಜ್ಜುಮಾಡುವ ಖರ್ಚು) ನಿಜಕ್ಕಿಂತ ದುಪ್ಪಟ್ಟು ಹಾಕಿದರೂ ಸೆಟಪ್ ಮತ್ತು ದಾಸ್ತಾನು ಸೇರಿದ ಖರ್ಚು ಏರುವುದು ಸುಮಾರು 6% ಮಾತ್ರ. ಯಾವ ವಸ್ತು ಬೇಕು, ಯಾವುದು ಬೇಡ ಎನ್ನುವ ಲೆಕ್ಕ ಹಾಗಲ್ಲ. ಅಲ್ಲಿ ಲಾಭ ನಷ್ಟವಾಗಿ ಕಂಡುಬಿಡುತ್ತದೆ.

ಹಾಗಂತ ಓವರ್‌ಹೆಡ್ ಯಾವಾಗಲೂ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಕರಾರು ಮುಗಿಯುತ್ತಿದ್ದರೆ ಬಾಡಿಗೆಯೂ ನಿರ್ಧಾರದ ಭಾಗವೇ. ಓವರ್‌ಟೈಮ್ ಕೊಟ್ಟರೆ ಆ ಕೂಲಿ ಪೂರ್ತಿ ಲೆಕ್ಕಕ್ಕೆ ಬರಬೇಕು. ಎಷ್ಟು ಕಾಲದ ನಿರ್ಧಾರ ಎಂಬುದರ ಮೇಲೆ ಪಟ್ಟಿ ಬದಲಾಗುತ್ತದೆ. ನಿಮ್ಮ ಗೈಡ್ ಜೊತೆ ಕೂತು ಒಂದೊಂದೇ ಸಾಲನ್ನು ಕೇಳಿ ನೋಡಿ: ಈ ನಿರ್ಧಾರ ಬೇರೆಯಾದರೆ ಈ ಹಣ ಉಳಿಯುತ್ತದಾ?

ಶ್ಯಾಡೋ ಪ್ರೈಸ್ ಕಲಿತವರು ಬೀಳುವ ಹಳ್ಳ ಇನ್ನೊಂದಿದೆ. ಗಂಟೆಗೆ 250 ಎಂದು ಕಂಡ ಕೂಡಲೇ ಹೊಸ ಯಂತ್ರದ 2,000 ಗಂಟೆಗಳಿಂದ ಗುಣಿಸಿ 5 ಲಕ್ಷ ಗಳಿಕೆ ಎಂದು ಬರೆದುಬಿಡುತ್ತಾರೆ. ‘ಅ’ಗೆ ಬೇಡಿಕೆ ಮುಗಿದ ಮೇಲೆ ಗಂಟೆಯ ಬೆಲೆ ಮತ್ತೆ ಸೊನ್ನೆ. ಆ 250 ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದೂ ಅದೇ ರಿಪೋರ್ಟಿನಲ್ಲಿ ಇರುತ್ತದೆ. ಯಂತ್ರ ಕೊಳ್ಳುವ ಪ್ರಶ್ನೆ ಇದ್ದರೆ ಮಾಡೆಲನ್ನು ಎರಡು ಸಲ ಓಡಿಸಿ, ಹೊಸ ಯಂತ್ರ ಇಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ. ಎರಡರ ವ್ಯತ್ಯಾಸವನ್ನು ಯಂತ್ರದ ಬೆಲೆಯ ಎದುರು ಇಡಿ. ಇಲ್ಲಿ ಯಂತ್ರದ ಬೆಲೆ ಪೂರ್ತಿ ಲೆಕ್ಕಕ್ಕೆ ಬರಲೇಬೇಕು, ಏಕೆಂದರೆ ಆ ಹಣವನ್ನು ಯಾರೂ ಇನ್ನೂ ಖರ್ಚು ಮಾಡಿಲ್ಲ.