ಬೇವರ್ಸಿ ಅಂದರೆ ಅಪ್ಪ ಇಲ್ಲದವನಲ್ಲ

ಒಬ್ಬ ರಾಜಕಾರಣಿ ಇನ್ನೊಬ್ಬರಿಗೆ ಬೇವರ್ಸಿ ಅಂದರೆ ಸಾಕು, ಮರುದಿನ ಮಂಗಳೂರಲ್ಲೋ ಉಡುಪಿಯಲ್ಲೋ ಯಾರಾದರೂ ಮೈಕ್ ಹಿಡಿದು "ಇದು ನಮ್ಮ ನಾಯಕರ ತಾಯಿಗೆ ಮಾಡಿದ ಅವಮಾನ" ಅನ್ನುತ್ತಾರೆ. "ಅಪ್ಪ ಯಾರು ಅಂತ ಗೊತ್ತಿಲ್ಲದವನು" ಎಂಬ ಅರ್ಥವನ್ನೂ ಅವರೇ ಕೊಡುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಈ ಪದದಲ್ಲಿ ತಾಯಿ ಎಲ್ಲಿದ್ದಾಳೆ?

'ಬೇ' ಪಾರಸಿಯದು, ಇಲ್ಲದ ಅಂತ ಅರ್ಥ. ಬೇನಾಮಿ, ಬೇಜವಾಬ್ದಾರಿಯಲ್ಲಿ ಇರುವುದೂ ಅದೇ. 'ವಾರಿಸ್' ಅರಬ್ಬಿಯಿಂದ ಬಂದದ್ದು, ಆಸ್ತಿಯ ಹಕ್ಕುದಾರ. ನಮ್ಮ ವಾರಸುದಾರ ಹುಟ್ಟಿದ್ದು ಇದರಿಂದಲೇ. ಎರಡೂ ಸೇರಿ ಬೇವಾರಸಿ, ಕರಾವಳಿಯ ಬಾಯಲ್ಲಿ ಸವೆದು ಬೇವರ್ಸಿ. ಪೊಲೀಸ್ ಠಾಣೆಯ ಕಾಂಪೌಂಡಿನಲ್ಲಿ ಟಯರಿನ ಗಾಳಿ ಹೋಗಿ, ಸೀಟಿನ ಸ್ಪಂಜು ಹೊರಬಂದು, ಮಳೆಗಾಲದ ಬಳ್ಳಿ ಹ್ಯಾಂಡಲ್ ತನಕ ಹಬ್ಬಿದ ಬೈಕುಗಳು ನಿಂತಿರುತ್ತವಲ್ವಾ? "ವಾರಸುದಾರರಿಲ್ಲದ ವಾಹನಗಳ ಹರಾಜು" ಎಂಬ ಪ್ರಕಟಣೆ ಬರುವುದು ಅವುಗಳ ಬಗ್ಗೆಯೇ. ಅವು ಅಸಲಿ ಬೇವಾರಸಿಗಳು. ಕೇಳುವವರಿಲ್ಲದ್ದು, ಅಷ್ಟೆ.

ವಾರಸು ಅಂದಕೂಡಲೇ ಅಪ್ಪನನ್ನು ಹುಡುಕುವುದು ತುಳುನಾಡಿನಲ್ಲಂತೂ ಇನ್ನೂ ವಿಚಿತ್ರ. ಇಲ್ಲಿ ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ನಡೆದುಕೊಂಡು ಬಂದಿತ್ತು. ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮಾವನ ಯಜಮಾನಿಕೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ 1949ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಳಿಯಸಂತಾನದ ಹೆಸರಿದೆ. 'ಬರಿ', ಅಂದರೆ ತುಳುವರ ಕುಲದ ಹೆಸರು, ಇವತ್ತಿಗೂ ತಾಯಿಯದೇ. ಇಂಥ ಊರಿನಲ್ಲಿ ಕೂತು ವಾರಸಿಲ್ಲದವನು ಅಂದರೆ ಅಪ್ಪನಿಲ್ಲದವನು ಅಂತ ಅರ್ಥ ಕಟ್ಟುತ್ತೇವೆ. ಹಾಗಂತ ಬೇವರ್ಸಿ ಒಳ್ಳೆ ಮಾತು ಅಂತಲ್ಲ. ಬೈಯಲೆಂದೇ ಹೇಳಿದ್ದು ಬೈಗುಳವೇ. ಆದರೆ ಬೈಸಿಕೊಂಡವನು ಅವನೊಬ್ಬನೇ.

ಹೆಂಗಸನ್ನು ಎಳೆದು ತರುವ ಪದಗಳು ಬೇರೆ ಇವೆ. ಬೋಳಿಮಗ, ಮುಂಡೇಮಗ. ಬೋಳಿ ಅಂದರೆ ತಲೆ ಬೋಳಿಸಿದವಳು. ಮುಂಡೆಯೂ ಅದೇ, ಸಂಸ್ಕೃತದ ಮುಂಡ, ಬೋಳು ತಲೆ. ರಂಡೆಗೆ ಮೊದಲಿದ್ದ ಅರ್ಥ ವಿಧವೆ, ಆಮೇಲೆ ಸೂಳೆ ಎಂಬ ಅರ್ಥವೂ ಅಂಟಿತು. ಮೂರೂ ಗಂಡ ಸತ್ತವಳ ಹೆಸರುಗಳು. ಕೆಲವು ಜಾತಿಗಳಲ್ಲಿ ಅವಳ ತಲೆ ಬೋಳಿಸಿದರು, ಆಮೇಲೆ ಆ ಬೋಳು ತಲೆಯನ್ನೇ ಬೈಗುಳ ಮಾಡಿದರು. ಅವಳ ಮಗನನ್ನು ಯಾರೋ ಬೈಯಬೇಕಾದರೂ ಅವಳೇ ಬೇಕು. ಇದನ್ನು ವೇದಿಕೆಯ ಮೇಲೆ ಹೇಳಿದರೆ "ಸುಮ್ನೆ ಸಲಿಗೆಯಲ್ಲಿ ಅಂದದ್ದು, ಹಳ್ಳಿ ಭಾಷೆ" ಅಂತ ಸಮರ್ಥನೆ ಬರುತ್ತದೆ. ನಿಜವಾಗಿ ತಾಯಿಗೆ ಬಿದ್ದ ಪೆಟ್ಟಿಗೆ ಯಾರೂ ಮೈಕ್ ಹಿಡಿಯುವುದಿಲ್ಲ.

ಪತ್ರಿಕೆಗಳು "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಬರೆದು ಮುಗಿಸುತ್ತವೆ. ಬೇವರ್ಸಿಯೂ ಅವಾಚ್ಯ, ರಂಡೆಯೂ ಅವಾಚ್ಯ. ಟಿವಿಯವರು "ಅಸಂವಿಧಾನಿಕ ಪದ" ಅನ್ನುತ್ತಾರೆ, ಸಂವಿಧಾನಕ್ಕೂ ಬೈಗುಳಕ್ಕೂ ಏನು ಸಂಬಂಧವೋ. ಕಾನೂನು ಇದಕ್ಕಿಂತ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಾಂತಿಭಂಗಕ್ಕೆ ಕೆಣಕುವಂತೆ ಬೇಕೆಂದೇ ಅವಮಾನಿಸುವುದು 352ನೇ ಕಲಂ, ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು 79.

ಯಾವ ಕಲಮಿಗೂ ಸುಲಭಕ್ಕೆ ಸಿಗದ ಇನ್ನೊಂದಿದೆ: ಬಳೆ. "ಕೈಲಾಗದಿದ್ದರೆ ಬಳೆ ತೊಟ್ಟುಕೊಳ್ಳಿ" ಅಂತ ಭಾಷಣದಲ್ಲಿ ಹೇಳುತ್ತಾರೆ, ತಟ್ಟೆಯಲ್ಲಿಟ್ಟು ಕಚೇರಿಗೂ ಕೊಂಡುಹೋಗುತ್ತಾರೆ. ಒಂದೇ ಒಂದು ಕೊಳಕು ಪದ ಇಲ್ಲ. ಆದರೆ ಹೆಣ್ಣು ಅಂದರೇ ಕೈಲಾಗದವಳು ಅಂತ ಸಾವಿರ ಜನರ ಮುಂದೆ ಸಾರಿದ ಹಾಗಾಯಿತು. ಎಷ್ಟೋ ಸಲ ಆ ತಟ್ಟೆ ಹಿಡಿದಿರುವವರೂ ಮಹಿಳಾ ಕಾರ್ಯಕರ್ತೆಯರೇ. ನನಗೆ ಬೇವರ್ಸಿಗಿಂತ ಜಾಸ್ತಿ ಸಿಟ್ಟು ಬರುವುದು ಇದಕ್ಕೆ.